ಪರೀಕ್ಷೆಯಲ್ಲಿ ಬಿದ್ದ ಯಂತ್ರ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ. ಓದುವವರ ಅನುಕೂಲಕ್ಕಾಗಿ ಅಲ್ಲಲ್ಲಿ ವಿಸ್ತರಿಸಿದ್ದೇನೆ.)



ಉರ್ದು ಮತ್ತು ಕನ್ನಡ ಕಲಿಸುವ ಟೀಚರ್‌ಗೆ ಎಲೆಕ್ಟ್ರಾನಿಕ್ಸ್ ಗೊಡವೆ ಏಕೆ ಎಂದು ನೀವು ಕೇಳಬಹುದು. ಈ ವರ್ಷ ಡಿಪ್ಲೊಮಾ ಮತ್ತು ಬಿಇ ಓದುವ ಮಕ್ಕಳೇ ಹೆಚ್ಚು ಬರುತ್ತಾರೆ, ಅವರಿಗೆ ಉಪಯೋಗವಾಗುವಂಥದ್ದನ್ನು ಹೇಳಿ ಎಂದು ಕಾರ್ಯದರ್ಶಿಗಳು ಹೇಳಿದ್ದರು. ನನ್ನ ಬಳಿ ಇದ್ದದ್ದು ಮಾತೃಭಾಷೆಯ ಮೇಲಿನ ಒಂದು ಭಾಷಣ. ಅದನ್ನು ಈ ಸಭಾಂಗಣದಲ್ಲೇ ಎರಡು ಸಲ ಮಾಡಿದ್ದೇನೆ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರಿಗೆ ಅದು ಬಾಯಿಪಾಠವಾಗಿದೆ. ಹಾಗಾಗಿ ಈ ಸಲ ನನ್ನ ತಮ್ಮನಿಂದ ಕಲಿತದ್ದನ್ನು ಹೇಳುತ್ತೇನೆ. ಅವನು ಇದೇ ಸಂಘದ ವಿದ್ಯಾರ್ಥಿವೇತನದಲ್ಲಿ ಡಿಪ್ಲೊಮಾ ಮುಗಿಸಿ, ಬೆಂಗಳೂರಿನಲ್ಲಿ ಆಸ್ಪತ್ರೆ ಉಪಕರಣ ತಯಾರಿಸುವ ಒಂದು ಚಿಕ್ಕ ಕಂಪನಿಯಲ್ಲಿದ್ದಾನೆ. ಕಂಪನಿಯ ಹೆಸರು ಬೇಡ. ಇಂಥ ಕಥೆ ಒಂದೇ ಕಂಪನಿಯದ್ದೇನೂ ಅಲ್ಲ.

ಒಂದು ರಾತ್ರಿ ಊಟವಾದ ಮೇಲೆ ಅವನ ಫೋನ್ ಬಂತು. "ಆಪಾ, ಫೇಲ್ ಆಯ್ತು" ಎಂದ. ದನಿ ಬಿದ್ದುಹೋಗಿತ್ತು. ಅವನು ಯಾವ ಪರೀಕ್ಷೆ ಕಟ್ಟಿದ್ದ ಎಂದು ನಾನು ಯೋಚಿಸುತ್ತಿರುವಾಗಲೇ, "ನಂದಲ್ಲ, ಪಂಪಿಂದು" ಎಂದ.

ಅವರು ತಯಾರಿಸಿದ್ದು ಇನ್ಫ್ಯೂಷನ್ ಪಂಪ್. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವುದನ್ನು ನೋಡಿದ್ದೀರಿ. ಹನಿಗಳನ್ನು ಎಣಿಸಿ ನರ್ಸ್ ಕೈಯಿಂದ ಗಾಲಿ ತಿರುಗಿಸುವ ಬದಲು, ಗಂಟೆಗೆ ಇಷ್ಟೇ ಮಿಲಿಲೀಟರ್ ಎಂದು ಒತ್ತಿಬಿಟ್ಟರೆ ಅಷ್ಟೇ ಔಷಧ ಹೋಗುವಂತೆ ನೋಡಿಕೊಳ್ಳುವ ಯಂತ್ರ ಇದು. ನಳಿಗೆ ಮಡಚಿಕೊಂಡರೆ ಒತ್ತಡ ಏರಿದ್ದನ್ನು ಗುರುತಿಸಿ ನಿಂತು ಕೂಗುತ್ತದೆ. ಮನೆಯಲ್ಲಿ ಮಲಗಿರುವ ರೋಗಿಗಳಿಗೂ ಬಳಸಬಹುದಾದ ಮಾದರಿ ಅದು. ಯುರೋಪಿನಿಂದ ಒಂದು ಆರ್ಡರ್ ಬಂದಿತ್ತು. ಅಲ್ಲಿಗೆ ಕಳುಹಿಸಬೇಕಾದರೆ ವಿದ್ಯುತ್ಕಾಂತೀಯ ಪರೀಕ್ಷೆಯ ವರದಿ ಇರಲೇಬೇಕು. ಆ ಪರೀಕ್ಷೆಯಲ್ಲೇ ಪಂಪ್ ಬಿದ್ದಿತ್ತು.

ಏನಿದು ಪರೀಕ್ಷೆ? ನಮ್ಮ ತರಗತಿಯನ್ನೇ ತೆಗೆದುಕೊಳ್ಳಿ. ಒಳ್ಳೆಯ ವಿದ್ಯಾರ್ಥಿಯಲ್ಲಿ ನಾವು ಎರಡು ಗುಣ ನೋಡುತ್ತೇವೆ. ತಾನು ಗಲಾಟೆ ಮಾಡಿ ಪಕ್ಕದವರನ್ನು ಕೆಡಿಸಬಾರದು. ಪಕ್ಕದವರು ಗಲಾಟೆ ಮಾಡಿದರೆ ತನ್ನ ಲೆಕ್ಕ ತಪ್ಪಿಸಿಕೊಳ್ಳಬಾರದು. ಎಲೆಕ್ಟ್ರಾನಿಕ್ ಉಪಕರಣಗಳಿಗೂ ಇವೇ ಎರಡು ಪರೀಕ್ಷೆ. ಮೊದಲನೆಯದು ಹೊರಸೂಸುವಿಕೆಯದು. ರೇಡಿಯೊ ಕೇಳುವವರಿಗೆ ತೊಂದರೆಯಾಗಬಾರದೆಂದು ಇದರ ನಿಯಮಗಳನ್ನು ರೂಪಿಸಲು 1934ರಲ್ಲೇ ಪ್ಯಾರಿಸ್ಸಿನಲ್ಲಿ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ ಸೇರಿತು. ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ಇಮ್ಯುನಿಟಿ ಎನ್ನುತ್ತಾರೆ. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಅದೇ ಪದ. ಉರ್ದುವಿನಲ್ಲಿ ಕುವ್ವತೆ ಮುದಾಫಿಅತ್. ಕನ್ನಡದಲ್ಲಿ ರೋಗನಿರೋಧಕ ಶಕ್ತಿ ಎನ್ನೋಣವೆಂದರೆ ಯಂತ್ರಕ್ಕೆ ರೋಗವೆಲ್ಲಿಯದು? ನಮ್ಮ ಹಿರಿಯರು ಬಟ್ಟೆ, ಪಾತ್ರೆ ಕೊಳ್ಳುವಾಗ ಬಾಳಿಕೆ, ತಾಳಿಕೆ ಎನ್ನುತ್ತಿದ್ದರಲ್ಲ, ನಾನು ತಾಳಿಕೆ ಎಂದೇ ಕರೆಯುತ್ತೇನೆ. ತಮ್ಮ ನಕ್ಕ. ನಗಲಿ, ಪದ ಚೆನ್ನಾಗಿದೆ.

ತಾಳಿಕೆ ಇಲ್ಲದ ಯಂತ್ರವನ್ನು ನೀವೆಲ್ಲ ಕೇಳಿದ್ದೀರಿ. ಹಳೆಯ ಮೊಬೈಲನ್ನು ಸ್ಪೀಕರ್ ಪಕ್ಕ ಇಟ್ಟಿದ್ದಾಗ, ಕರೆ ಬರುವುದಕ್ಕೆ ಒಂದು ಕ್ಷಣ ಮೊದಲು ಸ್ಪೀಕರ್ ಟಟ್-ಟಟಟ್-ಟಟಟ್ ಎಂದು ಗೊರಗುಟ್ಟುತ್ತಿತ್ತು. ಇದೇ ಸಭಾಂಗಣದ ಮೈಕಿನಲ್ಲೂ ಕೇಳಿದ್ದೇವೆ. ಜಿಎಸ್‌ಎಂ ಫೋನು ಎಡೆಬಿಡದೆ ಮಾತಾಡುವುದಿಲ್ಲ. ಸೆಕೆಂಡಿಗೆ ಸುಮಾರು 217 ಸಲ ತುಂಡು ತುಂಡಾಗಿ ಅಲೆ ಬಿಡುತ್ತದೆ. ಅಲೆಯ ಆವೃತ್ತಿ, ಅಂದರೆ ಫ್ರೀಕ್ವೆನ್ಸಿ, 900 ಮೆಗಾಹರ್ಟ್ಸ್ ಆಸುಪಾಸಿನದು. ಆಂಪ್ಲಿಫೈಯರಿಗೆ ಅದನ್ನು ಹಿಗ್ಗಿಸುವ ಸಾಮರ್ಥ್ಯವೇ ಇಲ್ಲ. ಆದರೆ ಅದರೊಳಗಿನ ಟ್ರಾನ್ಸಿಸ್ಟರಿನ ಕೂಡುಭಾಗಗಳು ಹಳೆಯ ರೇಡಿಯೊದ ಡಯೋಡಿನಂತೆ ವರ್ತಿಸಿ, ಅಲೆಯನ್ನು ಸೋಸಿ, 217ರ ಆ ಗೊರಗೊರವನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಅಷ್ಟನ್ನು ಹಿಗ್ಗಿಸುವುದು ಅದಕ್ಕೆ ಚೆನ್ನಾಗಿ ಗೊತ್ತು. ಈಗಿನ 4ಜಿ ಫೋನುಗಳಲ್ಲಿ ಈ ಸದ್ದು ಕಡಿಮೆ. ಚಿಕ್ಕ ಮಕ್ಕಳಿಗೆ ನಾನು ಏನು ಹೇಳುತ್ತಿದ್ದೇನೆ ಎಂದೇ ತಿಳಿಯದಿರಬಹುದು, ಮನೆಯಲ್ಲಿ ಅಬ್ಬಾನನ್ನು ಕೇಳಿ.

ಸ್ಪೀಕರ್ ಗೊರಗುಟ್ಟಿದರೆ ನಷ್ಟವಿಲ್ಲ. ಆದರೆ ಅಮೆರಿಕದಲ್ಲಿ ನಡೆದದ್ದನ್ನು ಕೇಳಿ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳು ನಿದ್ದೆಯಲ್ಲಿ ಉಸಿರು ನಿಲ್ಲಿಸಿಬಿಟ್ಟರೆ ಎಚ್ಚರಿಸಲು ಅಲ್ಲಿ ಒಂದು ಉಪಕರಣ ಕಟ್ಟುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಮತ್ತು 1990ರ ದಶಕದ ಆರಂಭದಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇವುಗಳನ್ನು ಪರೀಕ್ಷಿಸಿದಾಗ, ಎಫ್‌ಎಂ ರೇಡಿಯೊ ಅಲೆಗಳಂಥ ದುರ್ಬಲ ಅಲೆಯನ್ನೇ ಕೆಲವು ಯಂತ್ರಗಳು ಮಗುವಿನ ಉಸಿರಾಟ ಎಂದು ತಿಳಿಯುತ್ತಿದ್ದುದು ಕಂಡುಬಂತು. ಉಸಿರು ನಿಂತರೂ ಯಂತ್ರ ಸುಮ್ಮನಿರುತ್ತದೆ. ಬ್ಯಾಟರಿಯಿಂದ ಓಡುವ ಗಾಲಿಕುರ್ಚಿಗಳು ರೇಡಿಯೊ ಅಲೆಗೆ ತಾವಾಗಿ ಚಲಿಸಿದ ದೂರುಗಳೂ ಬಂದವು. 1994ರಲ್ಲಿ ಎಫ್‌ಡಿಎ, ಪ್ರತಿ ಮೀಟರಿಗೆ 20 ವೋಲ್ಟ್ ಬಲದ ಅಲೆಯನ್ನು ಕುರ್ಚಿ ತಾಳಬೇಕೆಂದು ತಯಾರಕರಿಗೆ ಸೂಚಿಸಿತು. ಯುರೋಪಿನಲ್ಲಿ 1989ರಲ್ಲಿ ಮಾಡಿದ ನಿರ್ದೇಶನ 1996ರ ಜನವರಿ 1ರಿಂದ ಕಡ್ಡಾಯವಾಗಿ, ಸಾಮಾನ್ಯ ಉಪಕರಣಗಳಿಗೂ ತಾಳಿಕೆಯ ಷರತ್ತು ಬಂತು. ವೈದ್ಯಕೀಯ ಉಪಕರಣಗಳಿಗೆ ಈಗ ಐಇಸಿ 60601-1-2 ಎಂಬ ಪ್ರತ್ಯೇಕ ಮಾನದಂಡವಿದೆ. ಅದರ ನಾಲ್ಕನೆಯ ಆವೃತ್ತಿ 2014ರದು, 2020ರಲ್ಲಿ ಅದಕ್ಕೆ ತಿದ್ದುಪಡಿ ಬಂತು.

ಇನ್ನು ನಮ್ಮ ಪಂಪಿಗೆ ಬರೋಣ. ಪರೀಕ್ಷಾ ಕೋಣೆಯನ್ನು ತಮ್ಮ ಫೋಟೊದಲ್ಲಿ ತೋರಿಸಿದ. ಸುತ್ತ ಲೋಹದ ಗೋಡೆ, ಒಳಗೆಲ್ಲ ಗೋಪುರದಂಥ ಚೂಪು ಚೂಪು ಫೋಮು. ಒಳಗಿನ ಅಲೆ ಹೊರಗೆ ಹೋಗಬಾರದು, ಗೋಡೆಗೆ ಬಡಿದು ಹಿಂದಿರುಗಲೂಬಾರದು. ಮನೆಯಲ್ಲಿ ಬಳಸುವ ಉಪಕರಣವಾದ್ದರಿಂದ ಪ್ರತಿ ಮೀಟರಿಗೆ 10 ವೋಲ್ಟ್ ಬಲದ ಅಲೆ, 80 ಮೆಗಾಹರ್ಟ್ಸ್‌ನಿಂದ 2700 ಮೆಗಾಹರ್ಟ್ಸ್‌ವರೆಗೆ. ಮೊಬೈಲ್, ವೈಫೈ ಇತ್ಯಾದಿಗಳನ್ನು ಹತ್ತಿರವೇ ಹಿಡಿದಾಗ ಹೇಗೆಂದು ನೋಡಲು ಕೆಲವು ಆವೃತ್ತಿಗಳಲ್ಲಿ 28 ವೋಲ್ಟ್‌ವರೆಗೂ ಏರಿಸುತ್ತಾರೆ. ಇದಲ್ಲದೆ ಕಿಡಿಯ ಪರೀಕ್ಷೆ, ಸ್ವಿಚ್ಚು ಹಾಕಿ ತೆಗೆಯುವಾಗ ತಂತಿಯಲ್ಲಿ ಹುಟ್ಟುವ ಮಿಡಿತಗಳ ಪರೀಕ್ಷೆ, ಸಿಡಿಲಿನ ಸರ್ಜ್, ಕರೆಂಟು ಕುಸಿಯುವುದು, ಹೀಗೆ ಒಂದು ಸಾಲೇ ಇದೆ. ಪಂಪ್ ಎರಡರಲ್ಲಿ ಬಿತ್ತು. 187 ಮೆಗಾಹರ್ಟ್ಸ್ ಹತ್ತಿರ ಅಲೆ ಬಂದಾಗ ನಳಿಗೆ ಕಟ್ಟಿದೆ ಎಂದು ಸುಳ್ಳು ಕೂಗು ಹಾಕಿ ನಿಂತಿತು. ಕೀಲಿಮಣೆಯ ಅಂಚಿಗೆ ಕಿಡಿ ಹಾರಿಸಿದಾಗ ಪರದೆ ಆರಿ, ಮತ್ತೆ ಮೊದಲಿನಿಂದ ಶುರುವಾಯಿತು.

ನನಗೆ ವಿಚಿತ್ರವೆನಿಸಿದ್ದು ಬೇರೆ. ಇದೇ ಪಂಪನ್ನು ಅವರು ಎರಡು ತಿಂಗಳ ಹಿಂದೆ ಬೇರೊಂದು ಕಡೆ ಪೂರ್ವಪರೀಕ್ಷೆಗೆ ಒಯ್ದಿದ್ದರು. ಆಗ ಸಲೀಸಾಗಿ ಪಾಸಾಗಿತ್ತು! ಏಕೆ ಎಂದು ತಮ್ಮ ಲೆಕ್ಕ ಹಾಕಿ ತೋರಿಸಿದ. ಲೆಕ್ಕ ಇಷ್ಟಪಡುವವರು ನೀವೂ ಹಾಕಿ. ಆವೃತ್ತಿಯನ್ನು ಒಂದೊಂದು ಹೆಜ್ಜೆಗೆ ಶೇಕಡಾ 1ರಷ್ಟು ಏರಿಸುತ್ತಾರೆ. 80ರಿಂದ 2700 ತಲುಪಲು ಸುಮಾರು 354 ಹೆಜ್ಜೆ. ಯಂತ್ರದ ನಾಲ್ಕು ಮುಖ, ಅಲೆ ಅಡ್ಡ ಒಮ್ಮೆ, ಉದ್ದ ಒಮ್ಮೆ. ಒಟ್ಟು 2830ರಷ್ಟು ನಿಲುಗಡೆ. ಒಂದೊಂದರಲ್ಲೂ ಒಂದು ಸೆಕೆಂಡ್ ನಿಂತರೆ ಮುಕ್ಕಾಲು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಹತ್ತು ಸೆಕೆಂಡ್ ನಿಂತರೆ ಏಳು ಮುಕ್ಕಾಲು ಗಂಟೆಗೂ ಮೀರುತ್ತದೆ. ಕೋಣೆಗೆ ಬಾಡಿಗೆ ಗಂಟೆ ಲೆಕ್ಕದಲ್ಲಿ. ಪೂರ್ವಪರೀಕ್ಷೆಯಲ್ಲಿ ಹಣ ಉಳಿಸಲು ಒಂದೊಂದು ಸೆಕೆಂಡ್ ನಿಂತಿದ್ದರು. ಆದರೆ ಪಂಪು ಒತ್ತಡವನ್ನು ಒಮ್ಮೆಲೇ ನಂಬುವುದಿಲ್ಲ, ಎಂಟು ಸೆಕೆಂಡಿನ ಸರಾಸರಿ ತೆಗೆದು ಆಮೇಲೆ ಕೂಗುತ್ತದೆ. ಅದು ತಪ್ಪು ಮಾಡುವಷ್ಟು ಹೊತ್ತು ಪರೀಕ್ಷಕರೇ ಅಲ್ಲಿ ನಿಲ್ಲಲಿಲ್ಲ. ಮಾನದಂಡವೂ ಇದನ್ನೇ ಹೇಳುತ್ತದೆ: ಯಂತ್ರ ಪ್ರತಿಕ್ರಿಯೆ ತೋರಿಸಲು ಬೇಕಾದ ಸಮಯಕ್ಕಿಂತ ಕಡಿಮೆ ನಿಲ್ಲಬಾರದು. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿ, ಮಗು ಬಾಯಿ ತೆರೆಯುವ ಮೊದಲೇ ಮುಂದಿನ ರೋಲ್ ನಂಬರ್ ಕರೆದ ಹಾಗೆ. ನಾವು ಶಿಕ್ಷಕರೂ ಮಾಡುತ್ತೇವೆ, ಒಪ್ಪಿಕೊಳ್ಳಬೇಕು.

ಬಿದ್ದ ತಕ್ಷಣ ಏನು ಮಾಡಬೇಕು? ಎಲ್ಲರ ಕೈಯೂ ಮೊದಲು ಸ್ಕ್ರೂಡ್ರೈವರಿಗೆ ಹೋಗುತ್ತದಂತೆ. ಅದು ದೊಡ್ಡ ತಪ್ಪು ಎನ್ನುತ್ತಾನೆ ತಮ್ಮ. ಮೊದಲು ಏನನ್ನೂ ಅಲುಗಿಸದೆ ಬರೆದುಕೊಳ್ಳಬೇಕು. ಯಾವ ಆವೃತ್ತಿ, ಅಲೆ ಅಡ್ಡವೋ ಉದ್ದವೋ, ಯಂತ್ರದ ಯಾವ ಮುಖ ಎದುರಿತ್ತು, ಯಾವ ಕೇಬಲ್ ಎಲ್ಲಿ ಬಿದ್ದಿತ್ತು. ಫೋಟೊ ತೆಗೆಯಬೇಕು, ಏಕೆಂದರೆ ಕೇಬಲನ್ನು ಒಂದು ಗೇಣು ಸರಿಸಿದರೂ ಫಲಿತಾಂಶ ಬದಲಾಗಬಹುದು. ಮತ್ತೆ ಅದೇ ಪರೀಕ್ಷೆ ಮಾಡಿ ಮತ್ತೆ ಬೀಳುತ್ತದೆಯೇ ನೋಡಬೇಕು. ಬಿದ್ದದ್ದು ಪಂಪೋ ಅಥವಾ ಪಂಪನ್ನು ಗಮನಿಸಲು ಇಟ್ಟ ಲ್ಯಾಪ್‌ಟಾಪೋ ಎಂದೂ ಖಚಿತ ಮಾಡಿಕೊಳ್ಳಬೇಕು. ಪರೀಕ್ಷಕನೇ ತಪ್ಪಿ ವಿದ್ಯಾರ್ಥಿಯನ್ನು ಬೀಳಿಸಿದ ಉದಾಹರಣೆಗಳು ಬೇಕಾದಷ್ಟಿವೆಯಂತೆ. ಆಮೇಲೆ ಅಲೆಯ ಬಲವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ಎಲ್ಲಿ ಯಂತ್ರ ಸರಿಹೋಗುತ್ತದೆ ನೋಡಬೇಕು. ಇವರ ಪಂಪು 6 ವೋಲ್ಟಿಗೆ ಸರಿಹೋಯಿತು. ಈ 6 ಎಂಬ ಅಂಕಿಯೇ ಮುಂದಿನ ಎಲ್ಲ ಕೆಲಸಕ್ಕೆ ಅಳತೆಗೋಲು. ಬರೀ ಪಾಸು-ಫೇಲು ಗೊತ್ತಿದ್ದರೆ, ಮಾಡಿದ ರಿಪೇರಿ ಸ್ವಲ್ಪ ಸಹಾಯ ಮಾಡಿತೋ, ಏನೂ ಮಾಡಲಿಲ್ಲವೋ ತಿಳಿಯುವುದಿಲ್ಲ. ಹತ್ತರಿಂದ ಹದಿನೆಂಟಕ್ಕೆ ಏರಿದ ಮಗುವನ್ನು ನಾವು ಫೇಲ್ ಎಂದೇ ಬರೆಯುತ್ತೇವೆ, ಆದರೆ ಕಲಿಸುವವಳಿಗೆ ಆ ಎಂಟು ಅಂಕ ಗೊತ್ತಿರಬೇಕಲ್ಲವೇ.

ಮುಂದಿನದು ಅಲೆ ಎಲ್ಲಿಂದ ನುಗ್ಗಿತು ಎಂಬ ಪತ್ತೇದಾರಿ ಕೆಲಸ. ಒಂದೊಂದೇ ಕೇಬಲ್ ಕಳಚುತ್ತಾ ಬಂದರು. ಹನಿ ಎಣಿಸುವ ಸೆನ್ಸರಿನ ಕೇಬಲ್ ಕಳಚಿದಾಗ ಸುಳ್ಳು ಕೂಗು ನಿಂತಿತು. ಆ ಕೇಬಲಿನ ಉದ್ದ ಸುಮಾರು 40 ಸೆಂಟಿಮೀಟರ್. 187 ಮೆಗಾಹರ್ಟ್ಸ್ ಅಲೆಯ ಉದ್ದ 1.6 ಮೀಟರ್, ಅದರ ಕಾಲು ಭಾಗ ಎಷ್ಟು? ಸರಿಯಾಗಿ 40 ಸೆಂಟಿಮೀಟರ್. ಅಂದರೆ ಅವರಿಗೆ ಗೊತ್ತಿಲ್ಲದೆಯೇ ಪಂಪಿಗೊಂದು ಒಳ್ಳೆಯ ಆಂಟೆನಾ ಕಟ್ಟಿಬಿಟ್ಟಿದ್ದರು.

ಕೇಬಲಿನ ಮೇಲೆ ಲೋಹದ ಜಾಲರಿ ಹೊದಿಕೆ ಇತ್ತಲ್ಲ ಎಂದು ಕೇಳಿದೆ, ನನಗೂ ಅಷ್ಟು ತಿಳಿಯುತ್ತದೆ ಎಂದು ತೋರಿಸಲು. ಇತ್ತು ಆಪಾ, ಅಲ್ಲೇ ಇರೋದು ವಿಷಯ, ಎಂದ. ಜಾಲರಿಯ ತುದಿಯನ್ನು ಹೆಣೆದು ಐದು ಸೆಂಟಿಮೀಟರಿನ ಜಡೆಯಂತೆ ಮಾಡಿ ಬೋರ್ಡಿಗೆ ಬೆಸುಗೆ ಹಾಕಿದ್ದರು. ಅದಕ್ಕೆ ಈ ಕಸುಬಿನವರು ಹಂದಿಬಾಲ ಎನ್ನುವ ಅರ್ಥದ ಇಂಗ್ಲಿಷ್ ಹೆಸರಿಟ್ಟಿದ್ದಾರೆ, ನಾನು ಜಡೆ ಎಂದೇ ಹೇಳುತ್ತೇನೆ. ಮೀಟರ್ ಹಿಡಿದರೆ ಆ ಜಡೆಯ ರೋಧ ಸೊನ್ನೆ. ಆದರೆ ತಂತಿಗೆ ಮಿಲಿಮೀಟರಿಗೆ ಸುಮಾರು 1 ನ್ಯಾನೊಹೆನ್ರಿಯಂತೆ ಪ್ರೇರಕತ್ವ ಇರುತ್ತದೆ. 50 ಮಿಲಿಮೀಟರಿಗೆ 50 ನ್ಯಾನೊಹೆನ್ರಿ. ಪಿಯುಸಿಯಲ್ಲಿ ಓದಿದ ಸೂತ್ರ ನೆನಪಿದೆಯೇ? ಎರಡು ಪೈ, ಗುಣಿಸು ಆವೃತ್ತಿ, ಗುಣಿಸು ಪ್ರೇರಕತ್ವ. 187 ಮೆಗಾಹರ್ಟ್ಸ್‌ನಲ್ಲಿ ಅದು 60 ಓಮ್ ಹತ್ತಿರ ಬರುತ್ತದೆ. ಸೊನ್ನೆ ಎಂದುಕೊಂಡದ್ದು 60! ಹೊದಿಕೆ ಹಿಡಿದ ಅಲೆಗೆ ಇಳಿಯಲು ದಾರಿಯಿಲ್ಲದೆ, ಅದು ಒಳಗಿನ ತಂತಿಗೆ ಹಾರಿ, ಬೋರ್ಡಿನ ಮೇಲೆ ಓಡಾಡಿ, ಪಕ್ಕದಲ್ಲೇ ಇದ್ದ ಒತ್ತಡದ ಸೆನ್ಸರಿನ ಆಂಪ್ಲಿಫೈಯರಿಗೆ ಸೇರಿತು. ಒತ್ತಡದ ಸಂಕೇತ ಕೆಲವೇ ಮಿಲಿವೋಲ್ಟಿನದು. ಮೊಬೈಲಿಗೆ ಸ್ಪೀಕರ್ ಗೊರಗುಟ್ಟಿದಂತೆಯೇ, ಆಂಪ್ಲಿಫೈಯರ್ ಅಲೆಯನ್ನು ಸೋಸಿ ಒಂದು ಸುಳ್ಳು ಒತ್ತಡವಾಗಿ ಮಾಡಿಕೊಂಡಿತು.

ಕಿಡಿಯ ಕಥೆ ಇನ್ನೂ ಸರಳ. ಚಳಿಗಾಲದ ಒಣಹವೆಯಲ್ಲಿ ಸಿಂಥೆಟಿಕ್ ಬಟ್ಟೆ ಉಟ್ಟು ಬಾಗಿಲ ಹಿಡಿ ಮುಟ್ಟಿದಾಗ ಚುರ್ ಎನ್ನುತ್ತದೆಯಲ್ಲ, ಅದೇ. ಪರೀಕ್ಷೆಯಲ್ಲಿ ಪಿಸ್ತೂಲಿನಂಥ ಸಾಧನದಿಂದ ನೇರ ಮುಟ್ಟಿಸಿ 8 ಸಾವಿರ ವೋಲ್ಟ್, ಗಾಳಿಯ ಮೂಲಕ 15 ಸಾವಿರ ವೋಲ್ಟ್‌ವರೆಗೆ ಕೊಡುತ್ತಾರೆ. 8 ಸಾವಿರದ ಕಿಡಿಯಲ್ಲಿ ಒಂದು ನ್ಯಾನೊಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ 30 ಆಂಪಿಯರ್ ಕರೆಂಟು ಏರಿಬಿಡುತ್ತದೆ. ಪ್ರೊಸೆಸರನ್ನು ಮರುಪ್ರಾರಂಭಿಸುವ ಗೆರೆ, ಅಂದರೆ ರಿಸೆಟ್ ಲೈನು, ಬೋರ್ಡಿನ ಅಂಚಿನಲ್ಲಿ ಕೀಲಿಮಣೆಯ ಪಕ್ಕದಲ್ಲೇ ಉದ್ದಕ್ಕೆ ಓಡಿತ್ತು. ಕಿಡಿ ಅದನ್ನೇ ಹಿಡಿದುಕೊಂಡಿತು.

ಇಲ್ಲಿ ಒಂದು ವಾದ ನಡೆಯಿತು, ಅದನ್ನು ನೀವು ಗಮನವಿಟ್ಟು ಕೇಳಬೇಕು. ಸಾಮಾನ್ಯ ಉಪಕರಣಗಳ ಮಾನದಂಡಗಳಲ್ಲಿ ಎ, ಬಿ, ಸಿ ಎಂದು ಮೂರು ದರ್ಜೆ. ಏನೂ ಆಗದಿದ್ದರೆ ಎ. ಕ್ಷಣ ತಡಬಡಾಯಿಸಿ ತಾನಾಗಿ ಸರಿಹೋದರೆ ಬಿ. ಯಾರಾದರೂ ಬಂದು ಸರಿಮಾಡಬೇಕಾದರೆ ಸಿ. ಕಿಡಿಯ ಪರೀಕ್ಷೆಗೆ ಬಿ ಸಾಕು. ಕಂಪನಿಯ ಹಿರಿಯ ಎಂಜಿನಿಯರರು, ಪಂಪು ತಾನಾಗಿ ಮತ್ತೆ ಶುರುವಾಯಿತಲ್ಲ, ಬಿ ಎಂದು ಬರೆಯಿರಿ ಎಂದು ಪ್ರಯೋಗಾಲಯದವರ ಮುಂದೆ ವಾದಿಸಿದರು. ಟಿವಿಯಾಗಿದ್ದರೆ ಆ ಮಾತು ನಡೆಯುತ್ತಿತ್ತು. ಆದರೆ ಮರುಪ್ರಾರಂಭವಾದ ಪಂಪಿನಲ್ಲಿ ಗಂಟೆಗೆ ಎಷ್ಟು ಔಷಧ ಎಂಬ ಅಂಕಿ ಅಳಿಸಿಹೋಗಿ ಸೊನ್ನೆಯಾಗಿತ್ತು. ಕೂಗೂ ಇಲ್ಲ. ರಾತ್ರಿ ನಿದ್ದೆಗಣ್ಣಿನಲ್ಲಿ ಯಾರೋ ಪಂಪನ್ನು ಮುಟ್ಟಿ ಚುರ್ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು ಎನ್ನಿ. ಬೆಳಗಿನವರೆಗೆ ರೋಗಿಗೆ ಔಷಧವಿಲ್ಲ, ಪರದೆ ಮಾತ್ರ ಚೆನ್ನಾಗಿ ಹೊಳೆಯುತ್ತಿದೆ. ವೈದ್ಯಕೀಯ ಮಾನದಂಡದಲ್ಲಿ ಎ, ಬಿ, ಸಿ ನೋಡುವುದಿಲ್ಲ. ಈ ಉಪಕರಣದ ಮುಖ್ಯ ಕರ್ತವ್ಯ ಯಾವುದು, ಅದು ಯಾವ ಮಿತಿಯೊಳಗೆ ನಡೆಯಬೇಕು, ಏನಾದರೆ ಫೇಲು ಎಂಬುದನ್ನು ಪರೀಕ್ಷೆಗೆ ಮೊದಲೇ ತಯಾರಕರು ಬರೆದಿಡಬೇಕು. ಇವರು ಬರೆದದ್ದು "ಪಂಪು ಸರಿಯಾಗಿ ಕೆಲಸ ಮಾಡುತ್ತಿರಬೇಕು" ಎಂಬ ಒಂದೇ ಸಾಲು. ಅದರಿಂದಲೇ ಅರ್ಧ ದಿನ ಜಗಳ. ಪ್ರಶ್ನೆಪತ್ರಿಕೆಯ ಜೊತೆಗೇ ಉತ್ತರಸೂಚಿ ತಯಾರಿಸದೆ, ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತು ಅಂಕ ಎಷ್ಟು ಕೊಡೋಣ ಎಂದು ಚರ್ಚಿಸುವವರನ್ನು ನಾನು ಕಂಡಿದ್ದೇನೆ.

ಈಗ ಆ ರಾತ್ರಿಯ ಫೋನಿಗೆ ಬರುತ್ತೇನೆ. ತಮ್ಮ ಫೋನ್ ಮಾಡಿದ್ದು ಫೇಲಾದ ದುಃಖಕ್ಕಲ್ಲ. ಸಂಜೆ ಮಾಲೀಕರು ಕರೆದು ಒಂದು ದಾರಿ ಹೇಳಿದ್ದರು. ಪಂಪಿನ ಒಳಗೆಲ್ಲ ತಾಮ್ರದ ಟೇಪು ಸುತ್ತು, ಕೇಬಲಿಗೆ ಎರಡು ಫೆರೈಟ್ ಬಿಲ್ಲೆ ಕಚ್ಚಿಸು, ನಾಳೆ ಪಾಸು ಮಾಡಿಸಿಕೊಂಡು ಬಾ. ತಯಾರಿಕೆಯಲ್ಲಿ ಅದೆಲ್ಲ ಬೇಡ, ಹಳೆಯ ರೀತಿಯಲ್ಲೇ ಮಾಡೋಣ. ವರದಿ ಇದ್ದರೆ ಸಾಕು, ಯಾರು ಬಿಚ್ಚಿ ನೋಡುತ್ತಾರೆ? ಮಾಲೀಕರು ಕೆಟ್ಟವರಲ್ಲ. ಮೂವತ್ತು ಜನರಿಗೆ ತಿಂಗಳ ಮೊದಲ ವಾರ ತಪ್ಪದೆ ಸಂಬಳ ಕೊಡುವವರು. ಆರ್ಡರಿನ ಗಡುವು ಹತ್ತಿರ ಬಂದಿತ್ತು. ಪ್ರಯೋಗಾಲಯದಲ್ಲಿ ಮುಂದಿನ ದಿನಾಂಕ ಬೇಕೆಂದರೆ ವಾರಗಟ್ಟಲೆ ಕಾಯಬೇಕು. "ನಾನು ಏನು ಹೇಳಲಿ ಆಪಾ?" ಎಂದ.

ನಿಜ ಹೇಳುತ್ತೇನೆ, ನನಗೆ ಆಗ ಉತ್ತರ ಹೊಳೆಯಲಿಲ್ಲ. ಕೆಲಸ ಹೋದರೆ ಮನೆಯ ಸಾಲದ ಕಂತು ಏನಾಗುತ್ತದೆ ಎಂದೇ ಮೊದಲು ಯೋಚಿಸಿದೆ. ಆಮೇಲೆ, ಆ ಪಂಪು ನಮ್ಮ ಅಮ್ಮಿಗೆ ಹಾಕುವಂಥದ್ದೇ ಎಂದು ಕೇಳಿದೆ. ಕಳೆದ ವರ್ಷ ಅವರು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. "ಹಾಕಿದ್ದು ಬೇರೆ ಕಂಪನಿಯದು, ಆದರೆ ಅಂಥದ್ದೇ" ಎಂದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮರುದಿನ ಅವನು ಮಾಡಿದ್ದು ಇಷ್ಟು. ತಾಮ್ರದ ಟೇಪು, ಬಿಲ್ಲೆ ಎರಡನ್ನೂ ಹಾಕಿದ, ಆದರೆ ಪಾಸು ಮಾಡಿಸಲಲ್ಲ, ದಾರಿ ಹುಡುಕಲು. ಬಿಲ್ಲೆ ಒಂದನ್ನೇ ಹಾಕಿದಾಗ 6 ಇದ್ದದ್ದು 8 ಆಯಿತು. ಜಡೆ ಕತ್ತರಿಸಿ, ಹೊದಿಕೆಯನ್ನು ಸುತ್ತಲೂ ಕ್ಲ್ಯಾಂಪಿನಿಂದ ಒಳಗಿನ ಲೋಹದ ತಟ್ಟೆಗೆ ಒತ್ತಿ ಹಿಡಿಸಿದಾಗ ಬಿಲ್ಲೆಯಿಲ್ಲದೆಯೇ 12ರವರೆಗೆ ತಾಳಿತು. ಆಂಪ್ಲಿಫೈಯರಿನ ಬಾಯಲ್ಲೇ ಒಂದು ಸಣ್ಣ ಕೆಪಾಸಿಟರ್ ಕೂರಿಸಿದಾಗ 15ಕ್ಕೂ ಸುಳ್ಳು ಕೂಗಲಿಲ್ಲ. ಈ ಅಂಕಿಗಳನ್ನೂ, ಕ್ಲ್ಯಾಂಪ್ ಮತ್ತು ಕೆಪಾಸಿಟರಿನ ಬೆಲೆಯನ್ನೂ ಒಂದು ಹಾಳೆಯಲ್ಲಿ ಬರೆದು ಮಾಲೀಕರ ಮುಂದಿಟ್ಟ. ಒಂದು ಪಂಪಿಗೆ ಬೀಳುವ ಹೆಚ್ಚಿನ ಖರ್ಚು ಒಂದು ಬಿರಿಯಾನಿಯ ಬೆಲೆಯನ್ನೂ ಮುಟ್ಟುತ್ತಿರಲಿಲ್ಲ. ವರದಿಯಲ್ಲಿರುವ ಪಂಪು ಬೇರೆ, ಪೆಟ್ಟಿಗೆಯಲ್ಲಿರುವ ಪಂಪು ಬೇರೆ ಆದರೆ ಸಹಿ ನನ್ನದಿರುವುದಿಲ್ಲ ಎಂದೂ ಹೇಳಿದನಂತೆ. ಇದನ್ನು ಅವನು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ. ಮಾಲೀಕರು ಎರಡು ದಿನ ಮಾತಾಡಿಸಲಿಲ್ಲ. ಮೂರನೆಯ ದಿನ ಬೋರ್ಡಿನ ನಕ್ಷೆ ಬದಲಿಸಲು ಒಪ್ಪಿದರು.

ಆಮೇಲೆ ಎಲ್ಲವೂ ಸುಖಾಂತವಾಯಿತು ಎಂದುಕೊಳ್ಳಬೇಡಿ. ಹೊಸ ಬೋರ್ಡು ಬರಲು ಆರು ವಾರ ಹಿಡಿಯಿತು. ಆರ್ಡರಿನ ಅರ್ಧ ಭಾಗ ಬೇರೆಯವರ ಪಾಲಾಯಿತು. ಮರುಪರೀಕ್ಷೆಗೆ ಹೋದಾಗ ಅಲೆಯಲ್ಲಿ ಪಾಸು, ಕಿಡಿಯಲ್ಲಿ ಪಾಸು, ಆದರೆ ಮೊದಲ ಸಲ ಪಾಸಾಗಿದ್ದ ಮಿಡಿತಗಳ ಪರೀಕ್ಷೆಯಲ್ಲಿ ಫೇಲು! ಅಡಾಪ್ಟರಿನಿಂದ ಬಂದ 2 ಸಾವಿರ ವೋಲ್ಟಿನ ಮಿಡಿತಗಳು ಲೋಹದ ತಟ್ಟೆಗೆ ಹತ್ತಿ, ಈಗ ಹೊಸದಾಗಿ ಸಿಕ್ಕ ದಾರಿಯಲ್ಲಿ ಸೆನ್ಸರಿನ ಹತ್ತಿರವೇ ಹಾದುಹೋಗುತ್ತಿದ್ದವು. ಒಂದು ಬಾಗಿಲು ಮುಚ್ಚುವಾಗ ಇನ್ನೊಂದನ್ನು ತೆರೆದಿಟ್ಟಿದ್ದರು. ಅದಕ್ಕೇ ಒಂದು ರಿಪೇರಿಯಾದರೆ ಅದು ಮುಟ್ಟಬಹುದಾದ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಬೇಕು.

ಈ ಸಲ ಯಾರೋ ಸುಲಭ ಸಲಹೆ ಕೊಟ್ಟರು, ಮೇನ್ಸ್ ಕಡೆ ದೊಡ್ಡ ಕೆಪಾಸಿಟರ್ ಹಾಕಿ ಎಂದು. ಬೇರೆ ಯಂತ್ರಕ್ಕೆ ಅದು ಸರಿಯಾದ ಮದ್ದು. ವೈದ್ಯಕೀಯ ಉಪಕರಣಕ್ಕೆ ಅಲ್ಲ. 4.7 ನ್ಯಾನೊಫ್ಯಾರಡ್ ಕೆಪಾಸಿಟರನ್ನು 230 ವೋಲ್ಟ್, 50 ಹರ್ಟ್ಸ್ ಮೇನ್ಸ್‌ನಿಂದ ದಾಟಿಸಿದರೆ 0.34 ಮಿಲಿಆಂಪಿಯರ್ ಸೋರುತ್ತದೆ. ರೋಗಿಯ ಮೈಗೆ ಸೇರುವ ಭಾಗದಿಂದ ಸಾಮಾನ್ಯ ಸ್ಥಿತಿಯಲ್ಲಿ 0.1 ಮಿಲಿಆಂಪಿಯರ್ ಮಾತ್ರ ಸೋರಬಹುದು, ಹೃದಯಕ್ಕೆ ನೇರ ತಾಗುವ ಉಪಕರಣವಾದರೆ 0.01. ಸೋರಿದ್ದನ್ನು ಭೂಸಂಪರ್ಕದ ತಂತಿ ಒಯ್ಯುತ್ತದೆ ಎನ್ನೋಣವೆಂದರೆ, ನಮ್ಮ ಮನೆಗಳಲ್ಲಿ ಮೂರನೆಯ ಪಿನ್ನಿನ ಗತಿ ನಿಮಗೆಲ್ಲ ಗೊತ್ತೇ ಇದೆ. ಕೊನೆಗೆ ತಟ್ಟೆಯನ್ನು ಬೋರ್ಡಿಗೆ ಸೇರಿಸುವ ಸ್ಕ್ರೂವಿನ ಜಾಗ ಬದಲಿಸಿ, ಮಿಡಿತದ ದಾರಿಯನ್ನು ಸೆನ್ಸರಿನಿಂದ ದೂರ ತಿರುಗಿಸಿದರು. ಒಂದು ಸ್ಕ್ರೂ! ಅದನ್ನು ಹುಡುಕಲು ಹಿಡಿದದ್ದು ಹನ್ನೆರಡು ದಿನ.

ಆ ಹನ್ನೆರಡು ದಿನ ಅವರು ದುಬಾರಿ ಕೋಣೆಯಲ್ಲಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಕಂಪನಿಯ ಮೇಜಿನ ಮೇಲೆಯೇ, ಕೋಯಾಕ್ಸಿಯಲ್ ಕೇಬಲಿನ ತುದಿಯನ್ನು ಬಳೆಯಂತೆ ಸುತ್ತಿ ಸಿಗ್ನಲ್ ಜನರೇಟರಿಗೆ ಜೋಡಿಸಿ, ಬೋರ್ಡಿನ ಮೇಲೆ ಇಂಚಿಂಚು ಆಡಿಸಿ ಯಾವ ಜಾಗ ಸೂಕ್ಷ್ಮ ಎಂದು ಗುರುತಿಸಿದರು. ಇದನ್ನು ನಿಮ್ಮ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಮಾಡಬಹುದು. ಉಪನ್ಯಾಸಕರ ಅನುಮತಿ ಕೇಳಿ, ಆಂಪ್ಲಿಫೈಯರ್ ಬೋರ್ಡು ಒಂದು ಸಾಕು. ಹಣ ಬೇಡುವ ಪ್ರಾಜೆಕ್ಟುಗಳನ್ನು ಬೆಂಗಳೂರಿನ ಅಂಗಡಿಯಿಂದ ಸಿದ್ಧವಾಗಿ ತಂದು ಬಣ್ಣದ ಬೈಂಡಿಂಗ್ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಈ ಕೆಲಸ ಕಲಿಯಲು ಎಲ್ಲಿಗೆ ಹೋಗಬೇಕು ಎಂದು ಕಳೆದ ವಾರ ಇಬ್ಬರು ಹುಡುಗಿಯರು ಕೇಳಿದರು. ಬೆಂಗಳೂರಿನಲ್ಲಿ ಸರಕಾರದ ಎಸ್‌ಟಿಕ್ಯೂಸಿಗೆ ಸೇರಿದ ಇಟಿಡಿಸಿ ಪ್ರಯೋಗಾಲಯವಿದೆ. ಚೆನ್ನೈನಲ್ಲಿ ಸಮೀರ್ ಸಂಸ್ಥೆಯ ವಿದ್ಯುತ್ಕಾಂತೀಯ ಕೇಂದ್ರವಿದೆ. ವಾಹನಗಳಿಗೆ ಪುಣೆಯ ಎಆರ್‌ಎಐ. ಖಾಸಗಿ ಪ್ರಯೋಗಾಲಯಗಳೂ ಬೇಕಾದಷ್ಟಿವೆ. ಅಲ್ಲಿ ಸೇರುವವರಿಗೆ ಸರ್ಕಿಟ್ ಎಷ್ಟು ಬೇಕೋ ಬರವಣಿಗೆಯೂ ಅಷ್ಟೇ ಬೇಕು, ಇದು ಭಾಷೆಯ ಟೀಚರ್ ಆಗಿ ನನಗೆ ಸಂತೋಷ ಕೊಟ್ಟ ಸಂಗತಿ. ತಮ್ಮ ಆ ಮೊದಲ ಫೇಲಾದ ವರದಿಯನ್ನು ನನಗೆ ಕಳುಹಿಸಿದ್ದ. ಇಪ್ಪತ್ತಕ್ಕೂ ಹೆಚ್ಚು ಪುಟ. ಅದರಲ್ಲಿ "ದುರದೃಷ್ಟವಶಾತ್" ಇಲ್ಲ, "ಬಹುಶಃ" ಇಲ್ಲ. ಇಂಥ ಆವೃತ್ತಿ, ಇಂಥ ಬಲ, ಇಂಥ ಮುಖ, ಹೀಗಾಯಿತು, ಇಷ್ಟು ಸೆಕೆಂಡಿನ ನಂತರ. ಹತ್ತನೆಯ ತರಗತಿಯ ಪ್ರಬಂಧಗಳನ್ನು ತಿದ್ದುತ್ತಾ ಕುಳಿತಿದ್ದ ನನಗೆ ಅದನ್ನು ಓದಿ ಅಸೂಯೆಯಾಯಿತು.

ಆ ಹಳೆಯ 40 ಸೆಂಟಿಮೀಟರ್ ಕೇಬಲನ್ನು, ಜಡೆಯ ಸಮೇತ, ತಮ್ಮ ರಂಜಾನ್ ರಜೆಯಲ್ಲಿ ಬಂದಾಗ ನನಗೆ ಕೊಟ್ಟುಹೋದ. ನಮ್ಮ ಶಾಲೆಯ ಸ್ಟಾಫ್ ರೂಮಿನ ಬೀರುವಿನಲ್ಲಿ, ಹಾಜರಿ ಪುಸ್ತಕಗಳ ಪಕ್ಕ ಇಟ್ಟಿದ್ದೇನೆ. ಡಿಪ್ಲೊಮಾ ಮಕ್ಕಳು ಯಾವ ಶನಿವಾರ ಬೇಕಾದರೂ ಮಧ್ಯಾಹ್ನ ಒಂದು ಗಂಟೆಯ ನಂತರ ಬಂದು ನೋಡಬಹುದು. ನಿಮ್ಮದೇ ಸ್ಕೇಲು ತನ್ನಿ, ಅಳೆದು ನೋಡೋಣ.